ಮೊದಲ ಬ್ರಯರ್ ಪೈಪ್: ಬ್ಲಾಕ್‌ನಿಂದ ಹೊಳಪಿನವರೆಗೆ, ಆಕಾರ ಕೆಡದಂತೆ

ಹೊಗೆಸೊಪ್ಪು ಸೇದುವ ಮರದ ಪೈಪನ್ನು ಮೊದಲ ಸಲ ಮಾಡಿದವರು ಫೋಟೊ ಕಳಿಸಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಲ್ಲಾ ಸರಿಯಾಗೇ ಮಾಡ್ದೆ, ಆದ್ರೂ ನೋಡೋಕೆ ಆಲೂಗಡ್ಡೆ ಥರ ಇದೆ. ಎಲ್ಲಿ ತಪ್ಪಾಯ್ತು?" ಫೋಟೊ ನೋಡಿದರೆ ಕಾಣುವುದು ಮೂರೇ ಕಾಯಿಲೆ. ಬಟ್ಟಲು ಒಂದು ಕಡೆಗೆ ವಾಲಿರುತ್ತದೆ. ಬಟ್ಟಲು, ಕತ್ತು ಸೇರುವಲ್ಲಿ ಕೆಳಗೊಂದು ಗಡ್ಡೆ ನೇತಾಡುತ್ತಿರುತ್ತದೆ. ಮರ ಮತ್ತು ಸ್ಟೆಮ್ ಸೇರುವ ಗೆರೆಯಲ್ಲಿ ಬೆಳಕು ತೂರುತ್ತಿರುತ್ತದೆ.

ಇದಕ್ಕೆಲ್ಲ ಕೈಚಳಕ ಸಾಲದೇ ಹೋದದ್ದು ಕಾರಣವಲ್ಲ. ಅರ ಕೈಗೆ ಬಂದ ಕೂಡಲೇ ಮೂಲೆಗಳನ್ನು ದುಂಡಗೆ ಮಾಡೋಕೆ ಕೂತದ್ದು ಕಾರಣ. ದುಂಡಗೆ ಮಾಡುವುದು ಕೊನೆಯ ಕೆಲಸ. ಅಲ್ಲಿಯವರೆಗೆ ಪೈಪ್ ಪಟ್ಟಿ ಪಟ್ಟಿಯಾಗಿ, ಸ್ವಲ್ಪ ಒರಟಾಗಿಯೇ ಇರಬೇಕು. ಕೆಳಗಿನ ಹಂತಗಳ ಕ್ರಮ ಇಟ್ಟಿರುವುದೇ ಹಾಗೆ. ಕ್ರಮ ತಪ್ಪಿಸಬೇಡಿ.

ಶುರು ಮಾಡುವ ಮುಂಚೆ ಹೆಸರುಗಳು. ಹೊಗೆಸೊಪ್ಪು ತುಂಬುವ ಭಾಗ ಬಟ್ಟಲು, ಅದರೊಳಗಿನ ತೂತು ಕುಳಿ. ಬಟ್ಟಲಿನಿಂದ ಹೊರಡುವ ಮರದ ಭಾಗ ಕತ್ತು. ಬಾಯಲ್ಲಿಡುವ ಕಪ್ಪು ಕೊಳವೆ ಸ್ಟೆಮ್, ಅದರ ತುದಿಯ ಉಬ್ಬು ಬಟನ್. ಸ್ಟೆಮ್‌ನಿಂದ ಕತ್ತಿನೊಳಗೆ ಹೋಗುವ ಗೂಟ ಟೆನನ್, ಅದು ಕೂರುವ ತೂತು ಮಾರ್ಟಿಸ್. ಕುಳಿಯ ತಳದಿಂದ ಮಾರ್ಟಿಸ್‌ವರೆಗಿನ ಸಣ್ಣ ತೂತನ್ನು ನಾನು ಹೊಗೆದಾರಿ ಅನ್ನುತ್ತೇನೆ.

ಒಂದು ಮಾತು ಹೇಳಿಬಿಡುತ್ತೇನೆ. ಪೈಪ್ ಸೇದಿದರೂ ಬಾಯಿ, ಗಂಟಲಿನ ಕ್ಯಾನ್ಸರ್ ಬರುತ್ತದೆ, ಸಿಗರೇಟಲ್ಲ ಎಂಬ ರಿಯಾಯಿತಿ ಏನೂ ಇಲ್ಲ. ಇಲ್ಲಿರುವುದು ಮರಗೆಲಸದ ಪಾಠ. ಮಾಡಿದ ಪೈಪನ್ನು ಒಮ್ಮೆಯೂ ಹಚ್ಚದೆ ಶೋಕೇಸ್‌ನಲ್ಲಿ ಇಟ್ಟವರೂ ನನಗೆ ಗೊತ್ತು.

## ಏನೇನು ಬೇಕು

ಮರ. ಬ್ರಯರ್ ಅಂದರೆ ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಎರಿಕಾ ಅರ್ಬೋರಿಯಾ ಎಂಬ ಪೊದೆಗಿಡದ ಗಂಟು. ಬೇರು ಮತ್ತು ಕಾಂಡದ ನಡುವೆ ಮಣ್ಣಿನಲ್ಲಿ ಊದಿಕೊಂಡಿರುತ್ತದೆ. ಇಟಲಿಯ ಕಲಾಬ್ರಿಯಾ, ಟಸ್ಕನಿ, ಗ್ರೀಸ್, ಸ್ಪೇನ್ ಕಡೆ ಇದನ್ನು ಅಗೆದು, ಕತ್ತರಿಸಿ, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಮಾರುತ್ತಾರೆ. ಬಿಸಿ ತಡೆಯುತ್ತದೆ, ಬೇಗ ಸುಡುವುದಿಲ್ಲ.

"ಮನೆಯಲ್ಲಿ ಬೀಟೆ ತುಂಡಿದೆ, ಅದರಲ್ಲೇ ಮಾಡಬಹುದಾ?" ಅಂತ ಕೇಳುವವರು ಜಾಸ್ತಿ. ಬೇಡ. ಬೀಟೆಯ ಧೂಳು ಹಲವರ ಚರ್ಮಕ್ಕೆ, ಉಸಿರಿಗೆ ಆಗುವುದಿಲ್ಲ. ಅದರ ಎಣ್ಣೆಯಂಶ ಬೆಂಕಿಯ ಪಕ್ಕ ಇರಬಾರದು. ಹೆಸರು ಗೊತ್ತಿಲ್ಲದ ಮರವಂತೂ ಬೇಡವೇ ಬೇಡ. ಕಣಗಿಲೆಯಂಥ ಗಿಡ ಬೇರಿನಿಂದ ಹೂವಿನವರೆಗೆ ವಿಷ. ಆದರೆ ಆಕಾರ ತೆಗೆಯುವ ಅಭ್ಯಾಸಕ್ಕೆ ಹಲಸಿನ ಚೂರು ಒಳ್ಳೆಯದು. ಅದನ್ನು ಹಚ್ಚಬೇಡಿ ಅಷ್ಟೇ.

ಕಿಟ್. ತೂತುಗಳನ್ನೆಲ್ಲ ಕೊರೆದು, ಸ್ಟೆಮ್ ಜೊತೆಗೆ ಕೊಡುವ ಬ್ಲಾಕ್ ತರಿಸಿ. ಮೊದಲ ಪೈಪ್‌ಗೆ ನೀವೇ ಕೊರೆಯಲು ಹೋಗಬೇಡಿ. ಕೈ ಡ್ರಿಲ್‌ನಲ್ಲಿ 4 ಮಿ.ಮೀ. ಬಿಟ್ ಬ್ರಯರ್‌ನ ಗಂಟಿಗೆ ಸಿಕ್ಕಿ ಪಕ್ಕಕ್ಕೆ ಸರಿಯುತ್ತದೆ. ಹೊಗೆದಾರಿ ಕುಳಿಯ ತಳಕ್ಕೆ ಬರುವ ಬದಲು ಗೋಡೆಗೆ ಬರುತ್ತದೆ. ಆಮೇಲೆ ಏನು ಮಾಡಿದರೂ ತಳದ ಹೊಗೆಸೊಪ್ಪು ಉರಿಯುವುದಿಲ್ಲ, ನೀರು ನಿಲ್ಲುತ್ತದೆ. ಕೊರೆಯುವುದು ಬೇರೆಯದೇ ಪಾಠ. ಡ್ರಿಲ್ ಪ್ರೆಸ್ (ನಿಲ್ಲಿಸಿಟ್ಟು ನೇರವಾಗಿ ಕೊರೆಯುವ ಯಂತ್ರ) ಇಲ್ಲದೆ ಆ ಮಾತು ಬೇಡ.

ಕಿಟ್ ತರಿಸುವಾಗ ಎರಡು ತರಿಸಿ. ಒಂದೇ ಇದ್ದರೆ ಕೈ ಹೆದರುತ್ತದೆ. ಹೆದರಿದ ಕೈಯಲ್ಲಿ ದಪ್ಪ ಪೈಪೇ ಬರುವುದು.

ಸಾಮಾನು. ವೈಸ್ (ಮರವನ್ನು ಕಚ್ಚಿ ಹಿಡಿಯುವ ಸಾಧನ) ಬೇಕು, ಅದರ ಹಲ್ಲಿಗೆ ಹೊದಿಸಲು ಚರ್ಮ ಅಥವಾ ದಪ್ಪ ರಬ್ಬರ್. ಸಣ್ಣ ಬ್ಲೇಡಿನ ಗರಗಸ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಿರುವ ಮರದ ಅರ, ಒರಟು ಒಂದು, ನಯ ಒಂದು. ಇಲಿಬಾಲದಂಥ ದುಂಡು ಅರ. ಬಟನ್ ಕೆಲಸಕ್ಕೆ ಸೂಜಿ ಅರಗಳ ಸೆಟ್, ಅದರಲ್ಲಿ ಒಂದು ಅರದ ಅಂಚಿಗೆ ಹಲ್ಲು ಇರಬಾರದು. ವರ್ನಿಯರ್, ಉಕ್ಕಿನ ಸ್ಕೇಲ್, ಪೆನ್ಸಿಲ್, ಕೆಂಪು ಪೆನ್. ಸ್ಯಾಂಡ್ ಪೇಪರ್ 120, 220, 320, 400, 600, 800 (ಸಂಖ್ಯೆ ಹೆಚ್ಚಾದಷ್ಟೂ ನಯ). ಪೈಪ್ ಕ್ಲೀನರ್ (ನೂಲು ಸುತ್ತಿದ, ಬಾಗುವ ಸಣ್ಣ ತಂತಿ) ಒಂದು ಕಟ್ಟು.

ಜೊತೆಗೆ ಕನ್ನಡಕ, ಧೂಳಿನ ಮಾಸ್ಕ್. ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಬ್ರಯರ್ ಧೂಳು ಹಿಟ್ಟಿನಷ್ಟು ನಯ. ಎಬೊನೈಟ್ (ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್) ಸ್ಟೆಮ್‌ನ ಧೂಳಿಗೆ ಗಂಧಕದ ನಾತ ಬೇರೆ.

ಹಿಡಿದುಕೊಳ್ಳಲು ಒಂದು ಉಪಾಯ: ಕುಳಿಯೊಳಗೆ ಬಿಗಿಯಾಗಿ ಕೂರುವಷ್ಟು ದಪ್ಪದ ಕೋಲು ತಗೊಂಡು, ತುದಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ಕೋಲನ್ನು ವೈಸ್‌ಗೆ ಹಾಕಿ, ಪೈಪನ್ನು ಕೋಲಿಗೆ ಹಾಕಿ. ಹೀಗಾದರೆ ಪೈಪ್‌ನ ಮೈಗೆ ವೈಸ್ ತಾಗುವುದೇ ಇಲ್ಲ.

## ಹಂತ 1: ತೂತುಗಳನ್ನು ಅಳೆದು ಹೊರಗೆ ಗೆರೆ ಹಾಕಿ

ಆಕಾರ ಕಟ್ಟುವುದು ತೂತಿನ ಸುತ್ತ. ಬ್ಲಾಕ್‌ನ ಅಂಚನ್ನು ನಂಬಬೇಡಿ. ಕುಳಿ ಬ್ಲಾಕ್‌ನ ನಟ್ಟನಡುವೆ ಇರುವುದು ಅಪರೂಪ. ಅಂಚಿನಿಂದ ಅಳೆದು ಶುರು ಮಾಡಿದ ಪೈಪ್‌ಗೆ ಒಂದು ಗೋಡೆ 9 ಮಿ.ಮೀ., ಇನ್ನೊಂದು 5 ಮಿ.ಮೀ. ಆಗಿ ಕೂರುತ್ತದೆ. ವಾಲಿದ ಬಟ್ಟಲು ಹುಟ್ಟುವುದು ಇಲ್ಲೇ.

ಕುಳಿಯೊಳಗೆ ಪೆನ್ಸಿಲ್ ಇಳಿಸಿ, ಬಾಯಿಯ ಮಟ್ಟದಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಹೊರಗೆ ತೆಗೆಯಿರಿ. ಅದೇ ಅಳತೆಯನ್ನು ಬ್ಲಾಕ್‌ನ ಪಕ್ಕಕ್ಕೆ ಇಟ್ಟು ಗೆರೆ ಎಳೆಯಿರಿ. ಅದು ಕುಳಿಯ ತಳ. ಅದರ ಕೆಳಗೆ 8 ಮಿ.ಮೀ.ಗೆ ಇನ್ನೊಂದು ಗೆರೆ, ಕೆಂಪು ಪೆನ್ನಿನಲ್ಲಿ. ಅದು ಲಕ್ಷ್ಮಣರೇಖೆ. ಮಾರ್ಟಿಸ್‌ನ ಆಳವನ್ನೂ ಹೀಗೇ ಹೊರಗೆ ಗುರುತು ಮಾಡಿ. ಕುಳಿಯ ನಡುಗೆರೆ, ಹೊಗೆದಾರಿಯ ನಡುಗೆರೆ ಎರಡನ್ನೂ ಬ್ಲಾಕ್‌ನ ಎಲ್ಲ ಮುಖಗಳಿಗೂ ಸುತ್ತಿಸಿ ಎಳೆಯಿರಿ.

ಈಗ ಪೈಪ್ ಕ್ಲೀನರ್ ತೂರಿಸಿ. ಕುಳಿಯ ತಳದ ನಡುವೆ ಹೊರಬರಬೇಕು. ತಳದಿಂದ 3-4 ಮಿ.ಮೀ. ಮೇಲೆ ಬಂದರೆ ಕಿಟ್ ಸರಿಯಿಲ್ಲ. ಅರ ಹಾಕುವ ಮೊದಲೇ ವಾಪಸ್ ಕಳಿಸಿ.

## ಹಂತ 2: ಬಿಲಿಯರ್ಡ್ ಬರೆಯಿರಿ

ಮೊದಲ ಸಲಕ್ಕೆ ನೇರ ಬಿಲಿಯರ್ಡ್ ಆಕಾರ ಮಾಡಿ. ಬಟ್ಟಲು ನೆಟ್ಟಗೆ, ಕತ್ತು ದುಂಡಗೆ, ಕತ್ತಿನ ಉದ್ದ ಹೆಚ್ಚುಕಡಿಮೆ ಬಟ್ಟಲಿನ ಎತ್ತರದಷ್ಟು. ಇದರಲ್ಲಿ ತಪ್ಪು ಬಚ್ಚಿಡೋಕೆ ಜಾಗ ಇಲ್ಲ ಅಂತ ಹಲವರು ಹೆದರುತ್ತಾರೆ. ಅದಕ್ಕೇ ಇದು ಒಳ್ಳೆಯದು, ತಪ್ಪು ಕಣ್ಣಿಗೆ ಹೊಡೆಯುತ್ತದೆ. ಮನಸ್ಸಿಗೆ ಬಂದ ಹಾಗೆ ತಿರುಚಿದ ಫ್ರೀಹ್ಯಾಂಡ್ ಆಕಾರದಿಂದ ಶುರು ಮಾಡಿದವರಿಗೆ ಎಲ್ಲಿ ಎಡವಿದೆವು ಅನ್ನೋದೇ ತಿಳಿಯುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಬಿಲಿಯರ್ಡ್‌ನ ಬಾಯಿ ಹಾಳಾದರೆ ಮೇಲಿನಿಂದ ಒಂದಿಷ್ಟು ಕೊಯ್ದುಬಿಡಿ, ಗಿಡ್ಡ ಬಟ್ಟಲಿನ 'ಪಾಟ್' ಆಕಾರ ಸಿಗುತ್ತದೆ. ಪಾಟ್ ಮಾಡಬೇಕು ಅಂತಲೇ ಇತ್ತು ಅಂದರೆ ಆಯಿತು.

20 ಮಿ.ಮೀ. ಅಗಲ, 38 ಮಿ.ಮೀ. ಆಳದ ಕುಳಿಗೆ ನಾನು ಇಡುವ ಅಳತೆ ಹೀಗಿದೆ. ಬಟ್ಟಲಿನ ಎತ್ತರ 46, ಹೊರ ಅಗಲ 36. ಅಂದರೆ ಗೋಡೆ ಎರಡೂ ಕಡೆ 8, ತಳ 8. ಮಾರ್ಟಿಸ್ 8 ಮಿ.ಮೀ. ಇದ್ದರೆ ಕತ್ತಿನ ದಪ್ಪ 16, ಸುತ್ತ 4 ಮಿ.ಮೀ. ಮರ ಉಳಿಯುತ್ತದೆ. ಗೋಡೆ 6 ಮಿ.ಮೀ.ಗಿಂತ, ಕತ್ತಿನ ಮರ 3 ಮಿ.ಮೀ.ಗಿಂತ ಇಳಿದರೆ ಅಪಾಯ.

ಪಕ್ಕದ ನೋಟವನ್ನು ಬ್ಲಾಕ್‌ನ ಎರಡೂ ಪಕ್ಕಕ್ಕೆ, ಮೇಲಿನ ನೋಟವನ್ನು ಮೇಲಕ್ಕೆ ಬರೆಯಿರಿ. ರಟ್ಟಿನಲ್ಲಿ ಕತ್ತರಿಸಿದ ಅಚ್ಚು ಇದ್ದರೆ ಎರಡೂ ಕಡೆ ಒಂದೇ ಥರ ಬರುತ್ತದೆ. ಅಚ್ಚು ಬಿಸಾಡಬೇಡಿ, ಮುಂದೆ ಬೇಕು.

## ಹಂತ 3: ಸ್ಟೆಮ್ ಕೂರಿಸುವುದು, ಆಕಾರಕ್ಕಿಂತ ಮೊದಲು

ಜಾಸ್ತಿ ಜನ ಜಾರಿ ಬೀಳುವುದು ಇಲ್ಲಿ. ಮರವನ್ನು ಚಂದ ಮಾಡಿ, ಸ್ಟೆಮ್ ಅನ್ನು ಬೇರೆಯಾಗಿ ಚಂದ ಮಾಡಿ, ಕೊನೆಗೆ ಜೋಡಿಸೋಣ ಅಂದುಕೊಳ್ಳುತ್ತಾರೆ. ಆಗ ಎರಡರ ಅಂಚೂ ದುಂಡಗಾಗಿ, ನಡುವೆ ಒಂದು ಕಾಲುವೆ ಬಿದ್ದಿರುತ್ತದೆ. ಅದನ್ನು ಮುಚ್ಚಲು ಸಾಧ್ಯವೇ ಇಲ್ಲ. ಮರ, ಸ್ಟೆಮ್ ಎರಡೂ ಈ ಹಂತದಿಂದ ಕೊನೆಯವರೆಗೆ ಒಂದೇ ವಸ್ತು ಅಂತ ಇಟ್ಟುಕೊಳ್ಳಿ.

ಸ್ಟೆಮ್ ಹಾಕಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಎಲ್ಲಿಯೂ ಬೆಳಕು ಕಾಣಬಾರದು. ಒಂದೇ ಜಾಗದಲ್ಲಿ ಕಂಡರೆ, ಸ್ಟೆಮ್ ಅನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಬೆಳಕಿನ ಜಾಗ ಸ್ಟೆಮ್ ಜೊತೆ ಸರಿದರೆ ತಪ್ಪು ಸ್ಟೆಮ್‌ನದು. ಅಲ್ಲೇ ನಿಂತರೆ ಮರದ ಮುಖ ನೇರವಿಲ್ಲ.

ಮರದ ಮುಖ ಸರಿ ಮಾಡಲು ಅರ ಹಾಕಬೇಡಿ. ಚಿಕ್ಕ ಮರದ ಬಿಲ್ಲೆಗೆ ನೇರವಾಗಿ 8 ಮಿ.ಮೀ. ತೂತು ಹಾಕಿಸಿ, ಅದಕ್ಕೆ ನಯವಾದ ಕಂಬಿ ತೂರಿಸಿ, ಬಿಲ್ಲೆಯ ಮುಖಕ್ಕೆ 220 ಸ್ಯಾಂಡ್ ಪೇಪರ್ ಅಂಟಿಸಿ. ಕಂಬಿ ಮಾರ್ಟಿಸ್‌ನೊಳಗೆ ಕೂತಾಗ ಬಿಲ್ಲೆ ಮರದ ಮುಖದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಮೆಲ್ಲಗೆ ನಾಲ್ಕು ಸುತ್ತು ತಿರುಗಿಸಿ, ಮತ್ತೆ ಟಾರ್ಚ್ ಹಿಡಿದು ನೋಡಿ.

ಟೆನನ್ ಬಿಗಿಯಾಗಿದ್ದರೆ ಒತ್ತಿ ತುರುಕಬೇಡಿ, ಕತ್ತು ಸೀಳುತ್ತದೆ. ಟೆನನ್‌ಗೆ ಪೆನ್ಸಿಲ್ ಮಸಿ ಬಳಿದು, ಹೋಗುವಷ್ಟು ಮಾತ್ರ ಹಾಕಿ ತೆಗೆಯಿರಿ. ಮಸಿ ಉಜ್ಜಿ ಹೊಳೆಯುವ ಜಾಗ ಉಬ್ಬಿರುವ ಜಾಗ. ಅಲ್ಲಿಗೆ ಮಾತ್ರ 400 ಕಾಗದದ ಪಟ್ಟಿ. ಸುತ್ತ ಉಜ್ಜುತ್ತಾ ಹೋದರೆ ತುದಿ ಸಣ್ಣಗಾಗಿ, ಟೆನನ್ ಕ್ಯಾರೆಟ್ ಆಕಾರಕ್ಕೆ ಬರುತ್ತದೆ. ತಿರುಗಿಸುತ್ತಾ ಒತ್ತಿದಾಗ ಕೀರಲು ಸದ್ದಿಲ್ಲದೆ, ಮೆತ್ತನೆಯ ಬಿಗಿಯಲ್ಲಿ ಕೂತರೆ ಸಾಕು. ಉದ್ದ ಮಾರ್ಟಿಸ್‌ಗಿಂತ ಅರ್ಧ ಮಿ.ಮೀ. ಕಡಿಮೆ ಇರಲಿ. ಉದ್ದವಾದರೆ ಟೆನನ್ ತಳಕ್ಕೆ ಬಡಿದು ಹೊರಗೆ ಸಂದು ಬೀಳುತ್ತದೆ. ತುಂಬ ಗಿಡ್ಡವಾದರೆ ಒಳಗೆ ನೀರು ನಿಂತು ಸೇದುವಾಗ ಗೊಳಗೊಳ ಅನ್ನುತ್ತದೆ.

## ಹಂತ 4: ಗರಗಸದ ಕೆಲಸ

ಪಕ್ಕದ ನೋಟ ಮೊದಲು. ಕತ್ತಿನ ಮೇಲಿರುವ ದೊಡ್ಡ ಚೌಕ ತುಂಡು, ಆಮೇಲೆ ಕತ್ತಿನ ಕೆಳಗಿನ ತುಂಡು. ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ಯಿರಿ. ಬಟ್ಟಲು, ಕತ್ತು ಸೇರುವ ಮೂಲೆಯಲ್ಲಿ 3-4 ಮಿ.ಮೀ. ಬಿಡಿ. ಅಲ್ಲಿ ಗರಗಸ ಒಳಗೆ ನುಗ್ಗಿದರೆ ಬಿದ್ದ ಗಾಯ ಕೊನೆಯವರೆಗೂ ಹೋಗುವುದಿಲ್ಲ. ಆಮೇಲೆ ಮೇಲಿನ ನೋಟದಂತೆ ಕತ್ತಿನ ಎರಡೂ ಪಕ್ಕ ತೆಗೆಯಿರಿ.

ಈಗ ಕೈಯಲ್ಲಿರುವುದು ಚೌಕ ಬಟ್ಟಲು, ಚೌಕ ಕತ್ತು. ಆಟಿಕೆ ಸುತ್ತಿಗೆ ಥರ ಕಾಣುತ್ತದೆ. ಸರಿಯಾಗಿದೆ.

## ಹಂತ 5: ಚೌಕದಿಂದ ಎಂಟು, ಎಂಟರಿಂದ ಹದಿನಾರು

ಮೊದಲು ನಾಲ್ಕೂ ಮುಖಗಳನ್ನು ಚಪ್ಪಟೆ ಅರದಿಂದ ಗೆರೆಯ ಹತ್ತಿರಕ್ಕೆ ತನ್ನಿ. ಕತ್ತು 17 ಮಿ.ಮೀ. ಚೌಕ, ಬಟ್ಟಲು 37 ಮಿ.ಮೀ. ಚೌಕ. ಬೇಕಾದ್ದಕ್ಕಿಂತ 1 ಮಿ.ಮೀ. ಜಾಸ್ತಿ. ವರ್ನಿಯರ್ ಹಾಕಿ ಎದುರುಬದುರು ಮುಖಗಳು ಸಮ ಇವೆಯಾ ನೋಡಿ. ನಡುಗೆರೆಯಿಂದ ಎರಡೂ ಕಡೆಗೆ ಅಳತೆ ಒಂದೇ ಇರಬೇಕು. ಅರ ಹಾಕಿದಾಗ ಗೆರೆ ಅಳಿಸಿಹೋಗುತ್ತದೆ, ಪ್ರತಿಸಲ ಮತ್ತೆ ಎಳೆಯಿರಿ. ಬೇಜಾರಿನ ಕೆಲಸವೇ, ಆದರೂ ಬಿಡಬೇಡಿ.

ಆಮೇಲೆ ಮೂಲೆಗಳು. 17 ಮಿ.ಮೀ. ಚೌಕ ಕತ್ತಿನಲ್ಲಿ ಪ್ರತಿ ಅಂಚಿನಿಂದ ಎರಡೂ ಮುಖಕ್ಕೆ 5 ಮಿ.ಮೀ. ಒಳಗೆ ಗೆರೆ ಎಳೆಯಿರಿ. 37 ಮಿ.ಮೀ. ಬಟ್ಟಲಿಗೆ ಸುಮಾರು 11 ಮಿ.ಮೀ. ಈ ಎರಡು ಗೆರೆಗಳ ನಡುವಿನ ಮೂಲೆಯನ್ನು ಅರದಿಂದ ಚಪ್ಪಟೆ ಮಾಡಿದರೆ ಎಂಟು ಸಮ ಪಟ್ಟಿಗಳು ಸಿಗುತ್ತವೆ. ಎಂಟೂ ಪಟ್ಟಿಗಳ ಅಗಲ ಒಂದೇ ಇದ್ದರೆ ನಿಮ್ಮ ಪೈಪ್ ನೇರ ಇದೆ. ಒಂದು ಪಟ್ಟಿ ಅಗಲವಾಗಿ ಕಂಡರೆ ಅಲ್ಲಿ ಜಾಸ್ತಿ ತಿಂದಿದ್ದೀರಿ. ಈಗ ಗೊತ್ತಾದರೆ ಉಳಿದವನ್ನು ಸರಿದೂಗಿಸಬಹುದು. ದುಂಡಗೆ ಮಾಡಿದ ಮೇಲೆ ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ, 'ಏನೋ ಸರಿಯಿಲ್ಲ' ಅಂತ ಅನ್ನಿಸುತ್ತದೆ ಅಷ್ಟೇ. ಪಟ್ಟಿ ಮಾಡುವುದು ಯಾಕೆ ಅಂದರೆ ಇದಕ್ಕೇ.

ಎಂಟು ಪಟ್ಟಿಯ ಅಂಚುಗಳನ್ನು ಮತ್ತೆ ಸಣ್ಣಗೆ ತೆಗೆದು ಹದಿನಾರು ಮಾಡಿ. ಬಟ್ಟಲಿನ ತಳದ ಉಬ್ಬೂ ಹೀಗೇ, ಪಟ್ಟಿ ಪಟ್ಟಿಯಾಗಿಯೇ ಬರಬೇಕು. ಹದಿನಾರಾದ ಮೇಲೆ ಮಾತ್ರ ನಯದ ಅರ ತಗೊಂಡು, ಶೂ ಪಾಲಿಶ್ ಮಾಡುವವರು ಬಟ್ಟೆ ಎಳೆಯುವ ಹಾಗೆ ಸುತ್ತ ಎಳೆಯುತ್ತಾ ದುಂಡಗೆ ಮಾಡಿ.

ಎಚ್ಚರಿಕೆಯ ಗುರುತು: ಅರ ಒಂದೇ ಜಾಗದಲ್ಲಿ ಹತ್ತು ಸಲಕ್ಕಿಂತ ಜಾಸ್ತಿ ಓಡಿದರೆ ನಿಲ್ಲಿಸಿ. ಅಲ್ಲಿ ತಗ್ಗು ಬೀಳುತ್ತಿರುತ್ತದೆ.

## ಹಂತ 6: ಕತ್ತಿನ ಕೆಳಗಿನ ಗಡ್ಡೆ

ಪೈಪನ್ನು ಪಕ್ಕದಿಂದ ನೋಡಿ. ಕತ್ತಿನ ಕೆಳಗಿನ ಗೆರೆ ಬಟ್ಟಲಿನ ಕಡೆಗೆ ಓಡಿ, ತಳದ ಉಬ್ಬಿಗೆ ಜಾರಿ ಸೇರಬೇಕು. ಹೊಸಬರ ಪೈಪ್‌ನಲ್ಲಿ ಅಲ್ಲೊಂದು ಗಲ್ಲ ಜೋತಾಡುತ್ತಿರುತ್ತದೆ. ಕಾರಣ ಭಯ. ಒಳಗೆ ಹೊಗೆದಾರಿ ಇದೆ, ತೂತಾದರೆ ಅಂತ ಯಾರೂ ಅಲ್ಲಿ ಅರ ಹಾಕುವುದಿಲ್ಲ.

ಲೆಕ್ಕ ಹಾಕಿದರೆ ಭಯ ಹೋಗುತ್ತದೆ. ಕಿಟ್‌ನ ಹೊಗೆದಾರಿ ಕತ್ತಿನ ಉದ್ದಕ್ಕೂ ನೇರವಾಗಿದೆ ಅಂತ ಇಟ್ಟುಕೊಳ್ಳಿ. ಕತ್ತು 16 ಮಿ.ಮೀ. ದಪ್ಪ, ಹೊಗೆದಾರಿಯ ನಡುವಿನಿಂದ ಕತ್ತಿನ ಕೆಳಗೆರೆಗೆ 8 ಮಿ.ಮೀ. ಹೊಗೆದಾರಿ 4 ಮಿ.ಮೀ. ಅಗಲ, ಅಂದರೆ ಕುಳಿಯ ತಳ ಆ ನಡುವಿನಿಂದ 2 ಮಿ.ಮೀ. ಕೆಳಗೆ. ಅದರ ಕೆಳಗೆ 8 ಮಿ.ಮೀ. ಮರ. ಒಟ್ಟು 10. ಅಂದರೆ ಬಟ್ಟಲಿನ ತಳ ಕತ್ತಿನ ಕೆಳಗೆರೆಗಿಂತ ಬರೀ 2 ಮಿ.ಮೀ. ಕೆಳಗಿರಬೇಕು. ನಿಮ್ಮದು 6 ಮಿ.ಮೀ. ಇದ್ದರೆ 4 ಮಿ.ಮೀ. ಗಡ್ಡೆ ಸುಮ್ನೆ ಹೊತ್ತುಕೊಂಡಿದ್ದೀರಿ.

ತೆಗೆಯುವುದು ಉಬ್ಬಿದ ಅರದಿಂದ, ಕತ್ತಿನಿಂದ ಬಟ್ಟಲಿನ ಕಡೆಗೆ ಉದ್ದಕ್ಕೆ ಎಳೆಯುತ್ತಾ. ಅಡ್ಡಡ್ಡ ಉಜ್ಜಿದರೆ ಕತ್ತಿನ ಬುಡದಲ್ಲಿ ಸೊಂಟ ಬೀಳುತ್ತದೆ. ಮೇಲಿನ ಮೂಲೆಗೆ ಮತ್ತು ಎರಡು ಪಕ್ಕದ ಮೂಲೆಗೆ ದುಂಡು ಅರ. ನಾಲ್ಕು ಕಡೆಯೂ ತಿರುವು ಒಂದೇ ಥರ ಇರಬೇಕು. ಮೇಲೆ ಚೂಪು, ಪಕ್ಕದಲ್ಲಿ ಅಗಲ ಆದರೆ ಬಟ್ಟಲು ಕತ್ತಿಗೆ ಅಂಟಿಸಿದ ಹಾಗೆ ಕಾಣುತ್ತದೆ.

ನೋಡುವ ರೀತಿಯೂ ಬೇಕು. ಪೈಪನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದು ಬರೀ ನೆರಳು ನೋಡಿ, ಆಗ ಮರದ ಬಣ್ಣ, ಗೆರೆ ಕಣ್ಣಿಗೆ ಮೋಸ ಮಾಡುವುದಿಲ್ಲ. ತಲೆಕೆಳಗು ಮಾಡಿ ನೋಡಿ. ಕನ್ನಡಿಯಲ್ಲಿ ನೋಡಿ, ವಾಲಿದ ಬಟ್ಟಲು ತಕ್ಷಣ ಸಿಕ್ಕಿಬೀಳುತ್ತದೆ. ಆಮೇಲೆ ಕಣ್ಣು ಮುಚ್ಚಿ ಎರಡೂ ಹೆಬ್ಬೆರಳಿಂದ ಎಡ ಬಲ ಒಟ್ಟಿಗೆ ಸವರಿ. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಬೆರಳಿಗೆ ಗೊತ್ತಾಗುತ್ತದೆ. ರಟ್ಟಿನ ಅಚ್ಚು ಈಗ ತೆಗೆಯಿರಿ, ಎರಡೂ ಪಕ್ಕಕ್ಕೆ ಹಿಡಿದು ನೋಡಿ.

ಸಂಜೆ ಕೆಲಸ ಮುಗಿಯಿತು ಅನ್ನಿಸಿದರೆ ಎತ್ತಿಟ್ಟು ಬೆಳಿಗ್ಗೆ ನೋಡಿ. ಇನ್ನೂ ದಪ್ಪ ಇದೆ ಅಂತ ಹತ್ತಕ್ಕೆ ಒಂಬತ್ತು ಸಲ ಅನ್ನಿಸುತ್ತದೆ.

## ಹಂತ 7: ಸ್ಟೆಮ್

ಸ್ಟೆಮ್ ಹಾಕಿಯೇ ಕತ್ತು ಮತ್ತು ಸ್ಟೆಮ್ ಮೇಲೆ ಅರ ಒಟ್ಟಿಗೆ ಓಡಲಿ. ಉಕ್ಕಿನ ಸ್ಕೇಲನ್ನು ಜೋಡಣೆಯ ಮೇಲೆ ಉದ್ದಕ್ಕೆ ಇಟ್ಟು ನೋಡಿ, ಅಲ್ಲಾಡಬಾರದು. ಜೋಡಣೆಯಿಂದ ಬಟನ್ ಕಡೆಗೆ ಒಂದೇ ನೇರದಲ್ಲಿ ತೆಳ್ಳಗಾಗುತ್ತಾ ಹೋಗಬೇಕು. ಕಚ್ಚುವ ಜಾಗ 4ರಿಂದ 4.5 ಮಿ.ಮೀ. ಕಿಟ್‌ನಲ್ಲಿ ಬರುವ ಸ್ಟೆಮ್ ಅಲ್ಲಿ ದಪ್ಪ ಇರುತ್ತದೆ. ಹಾಗೇ ಬಿಟ್ಟರೆ ಪೈಪ್ ಎಷ್ಟೇ ಚಂದ ಇರಲಿ, ಬಾಯಲ್ಲಿ ಪೆನ್ ಕ್ಯಾಪ್ ಇಟ್ಟ ಹಾಗೆ.

ಬಟನ್ ಅಂಚಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ, ಅಂಚಿಗೆ ಹಲ್ಲಿಲ್ಲದ ಅರವನ್ನು ಅದಕ್ಕೆ ಒರಗಿಸಿ ತೆಗೆಯಿರಿ. ಆಗಾಗ ಟಾರ್ಚ್ ಹಿಡಿದು ನೋಡಿ. ಮೇಲೆ ಕೆಳಗೆ ಒಂದೇ ಸಮ ತೆಗೆಯದಿದ್ದರೆ ಒಳಗಿನ ತೂತು ಮೈಮೇಲೆ ಬರುತ್ತದೆ. ಎಬೊನೈಟ್ ಅನ್ನು ನೀರು ಹಚ್ಚಿಕೊಂಡೇ ಉಜ್ಜಿ. ಧೂಳೂ ಹಾರುವುದಿಲ್ಲ, ನಾತವೂ ಕಡಿಮೆ. ಆದರೆ ಆ ನೀರು ಮರಕ್ಕೆ ತಾಗದಂತೆ ಟೇಪ್ ಹಾಕಿ.

## ಹಂತ 8: ಉಜ್ಜುವುದು, ಮತ್ತು ಗುಳಿಗಳ ಕಥೆ

120ರಿಂದ ಶುರು, 800ರವರೆಗೆ. ಪ್ರತಿ ಕಾಗದಕ್ಕೆ ಮುಂಚೆ ಇಡೀ ಪೈಪ್ ಮೇಲೆ ಪೆನ್ಸಿಲ್‌ನಿಂದ ಗೀಚಿ. ಗೀಚಿದ್ದೆಲ್ಲ ಹೋದಾಗ ಮುಂದಿನ ಕಾಗದ. 120ರ ಗೀರನ್ನು ಬಿಟ್ಟು 400ಕ್ಕೆ ಹಾರಿದರೆ, ಅದು ಬಣ್ಣ ಹಚ್ಚಿದಾಗ ಕಪ್ಪು ಗೆರೆಯಾಗಿ ಎದ್ದು ಬರುತ್ತದೆ. 220ರ ನಂತರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ನಾರು ಏಳುತ್ತದೆ, ಅದನ್ನು 320ರಲ್ಲಿ ಕೂರಿಸಿ. ಚಪ್ಪಟೆ ಇರಬೇಕಾದ ಕಡೆ, ಅಂದರೆ ಬಾಯಿ ಮತ್ತು ಜೋಡಣೆಯಲ್ಲಿ, ಕಾಗದದ ಹಿಂದೆ ಗಟ್ಟಿ ರಬ್ಬರ್ ತುಂಡಿರಲಿ. ಬೆರಳಿಂದ ಉಜ್ಜಿದರೆ ಅಂಚು ಕರಗುತ್ತದೆ. ಸ್ಟೆಮ್ ತೆಗೆದು ಉಜ್ಜುವ ಆಸೆ ಈಗಲೂ ಬರುತ್ತದೆ. ತೆಗೆಯಬೇಡಿ.

ಬ್ರಯರ್‌ನಲ್ಲಿ ಸಣ್ಣ ಗುಳಿಗಳು ಸಿಕ್ಕೇ ಸಿಗುತ್ತವೆ. ಮಣ್ಣಿನೊಳಗೆ ಬೆಳೆದ ಗಂಟು, ಒಳಗೆ ಕಲ್ಲು, ತೊಗಟೆ ಸಿಕ್ಕಿಕೊಂಡಿರುತ್ತದೆ. ನನ್ನ ಮೂರನೇ ಪೈಪ್‌ನ ಎಡಮೈಯಲ್ಲಿ ಸಾಸಿವೆಯಷ್ಟು ಗುಳಿ ಕಂಡಿತು. ಉಜ್ಜಿದೆ, ಹೋಗಲಿಲ್ಲ. ಅರ ತಗೊಂಡೆ, ಗುಳಿ ಕಡಲೆಯಷ್ಟಾಯಿತು. ಅದು ಮುಗಿಯುವ ಹೊತ್ತಿಗೆ ಬಲಮೈ ದಪ್ಪ ಕಾಣುತ್ತಿತ್ತು, ಅದನ್ನೂ ಇಳಿಸಿದೆ. ಗುಳಿ ಹೋಯಿತು, ಪೈಪ್ ಫಳಫಳ ಅಂದಿತು. ನಾಲ್ಕನೇ ಸಲ ಹಚ್ಚಿದಾಗ ಎಡಮೈಯಲ್ಲಿ ಬೆರಳು ಚುರ್ ಅಂದಿತು. ನೋಡಿದರೆ ಕಂದು ಕಲೆ. ಕೊಯ್ದು ಅಳೆದೆ, ಗೋಡೆ 3 ಮಿ.ಮೀ. ಇತ್ತು.

ಹಾಗಾಗಿ, ಎರಡು ಸಲ ಉಜ್ಜಿದರೂ ಹೋಗದ ಗುಳಿಯ ಹಿಂದೆ ಬೀಳಬೇಡಿ. ಒಂದೆರಡಿದ್ದರೆ ಹಾಗೇ ಬಿಡಿ. ಜಾಸ್ತಿ ಇದ್ದರೆ ಆ ಮೈಯನ್ನೆಲ್ಲ ಸಣ್ಣ ಉಳಿಯಿಂದ ಕೆತ್ತಿ ಒರಟು ಮಾಡಿ, ಅದೂ ಒಪ್ಪವಾದ ರೀತಿಯೇ. ಗುಳಿ ಕುಳಿಯ ಒಳಗೋಡೆಯಲ್ಲಿದ್ದು, ಗುಂಡುಸೂಜಿ ಇಳಿಸಿದಾಗ ಆಳಕ್ಕೆ ಹೋದರೆ ಮಾತ್ರ ಆ ಬ್ಲಾಕ್ ಶೋಕೇಸ್‌ಗೆ.

## ಹಂತ 9: ಬಣ್ಣ ಮತ್ತು ಹೊಳಪು

ಸ್ಪಿರಿಟ್‌ನಲ್ಲಿ ಕರಗುವ ಚರ್ಮದ ಬಣ್ಣ ಬ್ರಯರ್‌ಗೆ ಚೆನ್ನಾಗಿ ಹಿಡಿಯುತ್ತದೆ. ಕುಳಿಗೆ, ಮಾರ್ಟಿಸ್‌ಗೆ ಬಣ್ಣ ಇಳಿಯದಂತೆ ಟಿಶ್ಯೂ ತುರುಕಿ. ಮೊದಲು ಗಾಢ ಬಣ್ಣ ಹಚ್ಚಿ, ಒಣಗಿದ ಮೇಲೆ 600ರಲ್ಲಿ ಉಜ್ಜಿ ತೆಗೆಯಿರಿ. ಮೆತ್ತನೆಯ ಗೆರೆಗಳಲ್ಲಿ ಬಣ್ಣ ಉಳಿದು, ಗಟ್ಟಿ ಜಾಗ ತಿಳಿಯಾಗುತ್ತದೆ. ಮೇಲೆ ತಿಳಿ ಕಂದು ಅಥವಾ ಕಿತ್ತಳೆ. ಪಕ್ಕದಲ್ಲಿ ಜ್ವಾಲೆಯಂಥ ಗೆರೆಗಳೂ ಅವುಗಳ ತುದಿ ಕಾಣುವ ಕಡೆ ಹಕ್ಕಿಕಣ್ಣಿನಂಥ ಚುಕ್ಕಿಗಳೂ ಎದ್ದು ಬರುತ್ತವೆ. ಸ್ಪಿರಿಟ್ ಇರುವ ಕಡೆ ಬೆಂಕಿ ಬೇಡ.

ಬಡಗಿ ಅಂಗಡಿಯ ವಾರ್ನಿಷ್, ಟಚ್‌ವುಡ್ ಹಚ್ಚಬೇಡಿ. ಬಿಸಿಗೆ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ.

ಹೊಳಪಿಗೆ ಬಟ್ಟೆಯ ಬಫಿಂಗ್ ಚಕ್ರ (ಮೋಟಾರಿನಲ್ಲಿ ತಿರುಗಿ ಉಜ್ಜುವ ಚಕ್ರ) ಮೂರು: ಟ್ರಿಪೊಲಿ, ವೈಟ್ ಡೈಮಂಡ್ (ಎರಡೂ ಚಕ್ರಕ್ಕೆ ಹಚ್ಚುವ ಉಜ್ಜುಪುಡಿಯ ಗಟ್ಟಿಗಳು), ಕೊನೆಗೆ ಕಾರ್ನೌಬಾ ಎಂಬ ಗಟ್ಟಿ ಮೇಣ. ಒಂದರ ಚಕ್ರದಲ್ಲಿ ಇನ್ನೊಂದು ಹಾಕಬೇಡಿ. ಪೈಪನ್ನು ಚಕ್ರದ ಕೆಳಗಿನ ಅರ್ಧಕ್ಕೆ ಮಾತ್ರ ತಾಗಿಸಿ. ಮೇಲಿನ ಅಂಚಿಗೆ ಬಟ್ಟಲಿನ ಬಾಯಿ ಸಿಕ್ಕಿದರೆ ಚಕ್ರ ಕಿತ್ತುಕೊಂಡು ಗೋಡೆಗೆ ಎಸೆಯುತ್ತದೆ. ಕೆಳಗೆ ನೆಲದ ಮೇಲೆ ಒಂದು ಹಳೇ ಹೊದಿಕೆ ಹಾಸಿರಿ. ಒಂದೇ ಜಾಗದಲ್ಲಿ ಹಿಡಿಯಬೇಡಿ, ಎಬೊನೈಟ್ ಬಿಸಿಗೆ ಮೆತ್ತಗಾಗುತ್ತದೆ, ಅಂಚುಗಳು ಕರಗುತ್ತವೆ. ಮೇಣ ತೀರಾ ಸ್ವಲ್ಪ ಸಾಕು. ಜಾಸ್ತಿಯಾದರೆ ಬೆರಳಚ್ಚು ಮೂಡುವ ಮಬ್ಬು ಪದರ ಕೂರುತ್ತದೆ.

## ಹಂತ 10: ಕುಳಿಯ ಲೇಪ ಮತ್ತು ಪರೀಕ್ಷೆ

ಒಳಗೆ ಲೇಪ ಕಡ್ಡಾಯವಲ್ಲ. ಬೇಕೆಂದರೆ ಮಜ್ಜಿಗೆಯಲ್ಲಿ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ ಕಲಸಿ ಬಳಿಯುವುದು ಪೈಪ್ ಮಾಡುವ ಹಲವರ ರೂಢಿ. ಮಜ್ಜಿಗೆಗೆ ಉಪ್ಪು, ಒಗ್ಗರಣೆ ಬೇಡ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ಹೊಗೆದಾರಿಗೆ ಪೈಪ್ ಕ್ಲೀನರ್ ತೂರಿಸಿಟ್ಟು, ತೆಳ್ಳಗೆ ಒಂದು ಪದರ ಬಳಿದು, ಎರಡು ಮೂರು ದಿನ ಒಣಗಲು ಬಿಡಿ. ದಪ್ಪ ಬಳಿದರೆ ಬಿರಿದು ಉದುರುತ್ತದೆ.

ಈಗ ಹಚ್ಚದೆ, ಖಾಲಿ ಪೈಪ್‌ನಲ್ಲೇ ಗಾಳಿ ಎಳೆಯಿರಿ. ಸದ್ದಿಲ್ಲದೆ ಬರಬೇಕು. ಸಿಳ್ಳೆ ಬಂದರೆ ಟೆನನ್ ಮುಂದೆ ಸಂದು ಇದೆ, ಅಥವಾ ಕೊರೆದ ಜಾಗದಲ್ಲಿ ಹೊಟ್ಟು ಸಿಕ್ಕಿದೆ. ಪೈಪ್ ಕ್ಲೀನರನ್ನು ಬಟನ್ ಕಡೆಯಿಂದ ಹಾಕಿ. ಸ್ಟೆಮ್ ತೆಗೆಯದೆ ಕುಳಿಯವರೆಗೆ ತಡೆಯಿಲ್ಲದೆ ಹೋಗಬೇಕು. ನಡುವೆ ಎಡವಿದರೆ ಟೆನನ್ ತುದಿಯ ತೂತಿನ ಅಂಚನ್ನು ಸ್ವಲ್ಪ ಕೆರೆದು ಕೊಳವೆಬಾಯಿಯಂತೆ ಅಗಲ ಮಾಡಿ.

ಹಚ್ಚುವವರು ಮೊದಲ ಕೆಲವು ಸಲ ಕುಳಿಯ ಮೂರನೇ ಒಂದು ಭಾಗ ಮಾತ್ರ ತುಂಬಿ, ನಿಧಾನವಾಗಿ ಸೇದಬೇಕು. ಬಟ್ಟಲು ಸುತ್ತಲೂ ಒಂದೇ ಸಮ ಬೆಚ್ಚಗಾದರೆ ಸರಿ. ಒಂದೇ ಜಾಗ ಬೆರಳು ಇಡಲಾಗದಷ್ಟು ಸುಟ್ಟರೆ ತಕ್ಷಣ ನಿಲ್ಲಿಸಿ, ತಣ್ಣಗಾದ ಮೇಲೆ ಒಳಗೆ ಬೆಳಕು ಹಾಕಿ ನೋಡಿ. ಅಲ್ಲಿ ಬಿರುಕೋ ಗುಳಿಯೋ ಇರುತ್ತದೆ. ಹೊರಮೈಯಲ್ಲಿ ಆ ಜಾಗದ ಬಣ್ಣ ಕಪ್ಪಾಗಲು ಶುರುವಾಗಿದ್ದರೆ ಪೈಪ್ ಒಳಗಿನಿಂದ ಸುಡುತ್ತಿದೆ, ಮತ್ತೆ ಹಚ್ಚಬೇಡಿ. ಇನ್ನು ಬಿಸಿ ಇರುವಾಗ ಸ್ಟೆಮ್ ಎಳೆಯಬೇಡಿ. ಹೊಗೆಯ ತೇವಕ್ಕೆ ಮಾರ್ಟಿಸ್ ಒಳಗಡೆ ಉಬ್ಬಿ ಟೆನನ್ ಅನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಳೆದರೆ ಕತ್ತು ಸೀಳುತ್ತದೆ, ಇಲ್ಲವೇ ಟೆನನ್ ಒಳಗೇ ಮುರಿದು ಉಳಿಯುತ್ತದೆ. ರಾತ್ರಿ ಇಡೀ ಬಿಟ್ಟು, ಬೆಳಿಗ್ಗೆ ತಿರುಗಿಸುತ್ತಾ ತೆಗೆಯಿರಿ.